ಅಮ್ಮ ಬಿಟ್ಟ ಕಾಫಿ

ನನ್ನ ಕೈಬೆರಳಿನ ಗೆಣ್ಣುಗಳು ಊದಿಕೊಳ್ಳಲು ಶುರುವಾದ ವರ್ಷ ಅಮ್ಮ ಕಾಫಿ ಬಿಟ್ಟಳು. ಶ್ರೀನಗರದ ನಮ್ಮ ಬಾಡಿಗೆ ಮನೆಯಲ್ಲಿ ದೇವರ ದೀಪಕ್ಕಿಂತ ಮೊದಲು ಫಿಲ್ಟರಿಗೆ ಬಿಸಿನೀರು ಬೀಳುತ್ತಿತ್ತು. ಅಪ್ಪ ತೀರಿಕೊಂಡ ದಿನವೂ ಅಮ್ಮ ಅಳುತ್ತಲೇ ಅರ್ಧ ಲೋಟ ಕುಡಿದಿದ್ದಳು, ನೆಂಟರ ಕಣ್ಣು ಕೆಂಪಾದರೂ ಲೆಕ್ಕಿಸದೆ. ಅಂಥವಳು ಒಂದು ಮಂಗಳವಾರ ಬನಶಂಕರಿಯ ಗುಡಿಗೆ ಹೋಗಿ, ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ, "ಮಗಳ ಕೈನೋವು ಪೂರ್ತಿ ಹೋಗೋ ತನಕ ಕಾಫಿ ಮುಟ್ಟಲ್ಲ ತಾಯಿ" ಎಂದು ಹರಕೆ ಹೊತ್ತು ಬಂದಳು.

ಎಡವಟ್ಟಾದದ್ದು ಅಲ್ಲೇ. ಜನ ಜ್ವರಕ್ಕೆ ಹರಕೆ ಹೊರುತ್ತಾರೆ, ಪರೀಕ್ಷೆಗೆ ಹೊರುತ್ತಾರೆ, ಮದುವೆಗೆ ಹೊರುತ್ತಾರೆ. ಅದಕ್ಕೆಲ್ಲ ಒಂದು ಕೊನೆ ಅಂತ ಇರುತ್ತದೆ. ಅಮ್ಮ ನನ್ನ ರಕ್ತಪರೀಕ್ಷೆಯ ರಿಪೋರ್ಟ್ ಬರುವ ತನಕ ಕಾಯಲಿಲ್ಲ. ಮುಂದಿನ ವಾರ ಜಯನಗರದ ಡಾಕ್ಟರು ರಿಪೋರ್ಟ್ ನೋಡಿ, ಇದು ಸಂಧಿವಾತ, ಜೀವನಪೂರ್ತಿ ಇರುವಂಥದ್ದು, "ಕಂಟ್ರೋಲ್‌ನಲ್ಲಿ ಇಟ್ಕೋಬಹುದು ಅಷ್ಟೇ" ಎಂದರು. ತೊಂಬತ್ತರ ದಶಕದ ನಡುವಿನ ಮಾತು. ನನಗಿನ್ನೂ ಮೂವತ್ತು ಆಗಿರಲಿಲ್ಲ. ಆಟೋದಲ್ಲಿ ವಾಪಸ್ ಬರುವಾಗ ನಾನು ಸುಮ್ಮನೆ ರಸ್ತೆ ನೋಡುತ್ತಿದ್ದೆ. ಅಮ್ಮ, "ಡಾಕ್ಟ್ರುಗಳು ಹಂಗೇ ಹೇಳೋದು. ವಾಸಿ ಆಗತ್ತೆ ಅಂದ್ಬಿಟ್ರೆ ನಾವು ಮತ್ತೆ ಹೋಗ್ತೀವಾ?" ಎಂದಳು.

ಅಲ್ಲಿಂದ ಮುಂದೆ ನಮ್ಮ ಬೆಳಗುಗಳು ಒಂದೇ ಥರ ಆದವು. ಈ ಕಾಯಿಲೆಗೆ ಬೆಳಗಿನ ಹೊತ್ತೇ ಕೆಟ್ಟದ್ದು, ಎದ್ದಾಗ ಬೆರಳು ಮರದ ತುಂಡಿನ ಹಾಗೆ ಬಿಗಿದುಕೊಂಡಿರುತ್ತದೆ. ಅಮ್ಮ ನನಗಾಗಿ ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ, ಲೋಟ ತಂದು ನನ್ನ ಹಾಸಿಗೆಯ ಪಕ್ಕ ಇಡುತ್ತಿದ್ದಳು. ಅದರ ಹಬೆಯನ್ನು ಒಂದು ಸಲ ಮೂಗಿಗೆ ಎಳೆದುಕೊಂಡು, ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ಹೆಂಗಿದೆ ಇವತ್ತು?" ಎನ್ನುವಳು. "ಹಾಗೇ ಇದೆ" ಎನ್ನುತ್ತಿದ್ದೆ. "ಆಗ್ಲಿ, ನಾಳೆ ನೋಡೋಣ" ಎಂದು ಎದ್ದು ಹೋಗುವಳು.

ಆ "ನಾಳೆ ನೋಡೋಣ" ಕೇಳಿದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾಯಿಲೆಯ ಮೇಲೆ ಬರದಷ್ಟು ಕೋಪ ಅವಳ ಆಸೆಯ ಮೇಲೆ ಬರುತ್ತಿತ್ತು. ನಾನು ಆಗ ಹನುಮಂತನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಸೀಮೆಸುಣ್ಣ ಹಿಡಿಯಲಾಗದೆ ಆ ಕೆಲಸವೂ ಹೋಯ್ತು. ಗುಳಿಗೆ ಬದಲಾಯಿತು, ಇಂಜೆಕ್ಷನ್ ಬಂತು, ಆಯುರ್ವೇದ ಬಂತು, ಯಾರೋ ಹೇಳಿದ ಎಣ್ಣೆ ಬಂತು. ನನ್ನನ್ನು ನೋಡಲು ಬಂದವರೆಲ್ಲ ತಂತಮ್ಮ ಔಷಧ ಹೇಳಿ, ನಮ್ಮ ಮನೆಯ ಕಾಫಿ ಕುಡಿದು ಹೋದರು. ಕುಡಿಯದೆ ಉಳಿದವಳು ಅಮ್ಮ ಒಬ್ಬಳೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅದೇ ಡಾಕ್ಟರು ನನ್ನನ್ನು ಜೆ.ಪಿ. ನಗರದ ಒಬ್ಬ ಕೌನ್ಸೆಲರ್ ಹತ್ತಿರ ಕಳಿಸಿದರು. ಮನಸ್ಸಿಗೂ ಮೈಗೂ ನಂಟಿದೆ, ಮನಸ್ಸು ಹದವಾದರೆ ನೋವು ತಡೆದುಕೊಳ್ಳಬಹುದು ಎಂದರು. ನನಗೆ ರೇಗಿತು. ಗೆಣ್ಣು ಗೋಲಿಯ ಹಾಗೆ ಊದಿರುವುದು ಕಣ್ಣೆದುರಿಗೇ ಇದೆ, ಇದರಲ್ಲಿ ಮನಸ್ಸಿನದೇನು ಕಾರುಬಾರು? ಆದರೂ ಹೋದೆ. ಬೇರೆ ಎಲ್ಲಿಗೂ ಹೋಗುವುದು ಬಾಕಿ ಉಳಿದಿರಲಿಲ್ಲ.

ಮನೆಯೊಂದರ ಮಹಡಿ ಮೇಲಿನ ರೂಮು. ನನಗಿಂತ ಚಿಕ್ಕವಯಸ್ಸಿನ ಹೆಂಗಸು, ಕಾಟನ್ ಸೀರೆ, ಮೆತ್ತಗಿನ ಮಾತು. ಮೇಜಿನ ಮೇಲೆ ಟಿಶ್ಯೂ ಡಬ್ಬಿ ಇತ್ತು, ಅಳುವುದಕ್ಕೆ ಅಂತಲೇ. ನಾವೆಲ್ಲ ಸೆರಗಿನಲ್ಲಿ ಅತ್ತವರು, ಅದನ್ನು ನೋಡಿಯೇ ನನಗೆ ನಗು ಬಂತು. ಆಕೆ ನೋವನ್ನು ವಾಸಿ ಮಾಡುತ್ತೇನೆ ಎನ್ನಲಿಲ್ಲ, ಅದು ನನಗೆ ಹಿಡಿಸಿತು. ಹೆದರಿಕೆಯಾದಾಗ ಮೈ ಬಿಗಿಯುತ್ತದೆ, ಮೈ ಬಿಗಿದರೆ ನೋವು ಜಾಸ್ತಿಯಾಗುತ್ತದೆ, ಜಾಸ್ತಿಯಾದರೆ ಮತ್ತೆ ಹೆದರಿಕೆ ಎಂದರು. ಉಸಿರನ್ನು ನಿಧಾನ ಬಿಡುತ್ತಾ ಭುಜದಿಂದ ಬೆರಳಿನ ತುದಿಯವರೆಗೆ ಒಂದೊಂದೇ ಕಡೆ ಸಡಿಲ ಬಿಡುವುದನ್ನು ಕಲಿಸಿದರು. ಯಾವ ಹೊತ್ತಿನಲ್ಲಿ ಹೆಚ್ಚು ಬಿಗಿಯುತ್ತೀರಿ, ಗಮನಿಸಿ ಬನ್ನಿ ಎಂದರು.

ಗಮನಿಸಿದೆ. ಅಮ್ಮ ನನ್ನ ಕೈ ಹಿಡಿದು "ಹೆಂಗಿದೆ ಇವತ್ತು?" ಎಂದಾಗ ನನ್ನ ಉಸಿರು ನಿಲ್ಲುತ್ತಿತ್ತು. ದವಡೆ ಕಚ್ಚಿಕೊಳ್ಳುತ್ತಿತ್ತು. ಆಗ ಬೆರಳಿನಲ್ಲಿ ಚಳುಕು ಎದ್ದು ಮೊಣಕೈವರೆಗೆ ಹೋಗುತ್ತಿತ್ತು. ಇದನ್ನು ಹೇಳಿದಾಗ ಕೌನ್ಸೆಲರ್, "ಕಾಯಿಲೆ ಹೋಗಲ್ಲ ಅನ್ನೋದನ್ನ ನೀವು ಒಪ್ಕೊಂಡಿದೀರಿ. ಆದ್ರೆ ದಿನಾ ಬೆಳಗ್ಗೆ ನಿಮ್ಮ ತಾಯಿ ಹತ್ರ ಫೇಲ್ ಆಗ್ತಿದೀರಿ. ಅವ್ರನ್ನ ಒಂದ್ಸಲ ಕರ್ಕೊಂಡ್ ಬನ್ನಿ" ಎಂದರು. ನನಗೆ ಅವತ್ತು ಮೊದಲ ಸಲ ಆ ಟಿಶ್ಯೂ ಬೇಕಾಯಿತು. ಅಮ್ಮ ಒಂದೇ ಒಂದು ಸಲ "ಇದು ಇರೋದೇ" ಎಂದುಬಿಟ್ಟರೆ ಸಾಕು, ನನ್ನ ಕೈ ಅಷ್ಟರಮಟ್ಟಿಗಾದರೂ ಹಗುರಾಗುತ್ತದೆ ಅನಿಸಿತು. ನನಗೆ ಉಳಿದಿದ್ದ ಆಸೆ ಅದೊಂದೇ.

ಅಮ್ಮ ಒಳ್ಳೆಯ ಸೀರೆ ಉಟ್ಟು, ಕೌನ್ಸೆಲರ್‌ಗೆ ಬಾಳೆಹಣ್ಣು ಹಿಡಿದುಕೊಂಡು ಬಂದಳು. ಪಾಪ, ಆಕೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅಮ್ಮನ ಮುಂದೆ ಇಟ್ಟರು.

"ನಾನು ಕುಡಿಯಲ್ಲಮ್ಮ. ಇವಳ ಕೈ ವಾಸಿ ಆಗ್ಲಿ, ಆಮೇಲೆ ನಿಮ್ಮನೇಲೇ ಬಂದು ಕುಡೀತೀನಿ" ಎಂದಳು ಅಮ್ಮ.

ಕೌನ್ಸೆಲರ್‌ಗೆ ಹರಕೆಯ ವಿಷಯ ನಾನು ಹೇಳಿದ್ದೆ, ಕಾಫಿಯ ಮಾತು ಮಾತ್ರ ಬಿಟ್ಟಿದ್ದೆ. ಆಕೆ ಮೆಲ್ಲಗೆ, ದೇವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕಿ ಹರಕೆ ಬಿಡಿಸಿಕೊಳ್ಳಬಹುದಲ್ಲವೇ ಎಂದು ಕೇಳಿದರು.

"ಬಿಡಿಸ್ಕೋಬಹುದು. ಪೂಜಾರ್ರೇ ಹೇಳಿದ್ರು."

"ಮತ್ತೆ?"

"ಬಿಡಿಸ್ಕೊಂಡ್ರೆ ಇವಳಿಗೆ ವಾಸಿ ಆಗಲ್ಲ ಅಂತ ನಾನೇ ಒಪ್ಕೊಂಡ ಹಾಗಾಯ್ತಲ್ಲ."

"ಅದು ನಿಜ ತಾನೇ ಅಮ್ಮ?" ಎಂದರು ಕೌನ್ಸೆಲರ್.

ಅಮ್ಮ ನನ್ನ ಕಡೆ ನೋಡಲಿಲ್ಲ. "ನಿಜ ಇರಬಹುದು. ನೀವು ಓದಿದೋರು, ಒಪ್ಕೊಳ್ಳಿ. ಇವಳೂ ಒಪ್ಕೊಳ್ಲಿ, ಇವಳ ಮೈ ಇವಳಿಗೆ ಗೊತ್ತು. ನಾನು ಹೆತ್ತೋಳು, ನಾನ್ಯಾಕೆ ಒಪ್ಕೋಬೇಕು?"

ಕಾಫಿ ಆರಿತು. ಮೆಟ್ಟಿಲು ಇಳಿಯುವಾಗ ಅಮ್ಮ ನನ್ನ ತೋಳಿಗೆ ಆಸರೆ ಕೊಟ್ಟು, "ಹುಡುಗಿ ಒಳ್ಳೇವಳು. ಪಾಪ, ಡಿಕಾಕ್ಷನ್ ತೀರಾ ತೆಳು ಮಾಡ್ತಾಳೆ, ವಾಸ್ನೇಲೇ ಗೊತ್ತಾಯ್ತು" ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಮೇಲೂ ನಾನು ಕೆಲಕಾಲ ಅಲ್ಲಿಗೆ ಹೋದೆ. ಉಸಿರು ಬಿಡುವುದನ್ನು ಚೆನ್ನಾಗಿಯೇ ಕಲಿತೆ. ಬಸ್ಸಿನ ನೂಕುನುಗ್ಗಲಿನಲ್ಲಿ, ನೆಂಟರ ಮದುವೆಮನೆಯಲ್ಲಿ, ಎಷ್ಟೋ ಕಡೆ ಅದು ನನ್ನನ್ನು ಕಾಪಾಡಿದೆ. ಬೆಳಗಿನ ಆ ಒಂದು ಪ್ರಶ್ನೆಯ ಎದುರು ಮಾತ್ರ ಅದು ಕೆಲಸಕ್ಕೆ ಬರಲಿಲ್ಲ.

ಕೆಲವು ವರ್ಷದ ಮೇಲೆ ಅಮ್ಮನ ಹೃದಯ ಕೈಕೊಟ್ಟಿತು. ಆಸ್ಪತ್ರೆಯ ಮಂಚದ ಮೇಲೆ, ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿದ್ದರೂ, ಬೆಳಗ್ಗೆ ನನ್ನ ಬಲಗೈ ಹುಡುಕಿ ಹಿಡಿದುಕೊಂಡಳು. ಮಾತು ಹೊರಡುತ್ತಿರಲಿಲ್ಲ, ಹುಬ್ಬು ಎತ್ತಿದಳು. ವಾಸಿಯಾಯ್ತಮ್ಮ ಅನ್ನಬಹುದಿತ್ತು. ಆದರೆ ಕೈ ಅವಳ ಕೈಯಲ್ಲೇ ಇತ್ತು, ಊದಿದ ಗೆಣ್ಣುಗಳ ಮೇಲೆ ಅವಳ ಹೆಬ್ಬೆರಳು ಓಡಾಡುತ್ತಿತ್ತು. "ಹಾಗೇ ಇದೆ" ಎಂದೆ. ಅವಳು ತಲೆಯಾಡಿಸಿದಳು, ನಾಳೆ ನೋಡೋಣ ಎನ್ನುವ ಹಾಗೆ. ಸಂಜೆಯ ಒಳಗೆ ಹೋಗಿಬಿಟ್ಟಳು.

ತಿಥಿಯ ದಿನ ನಮ್ಮಲ್ಲಿ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು, ಬಾಗಿಲು ಮುಂದಕ್ಕೆ ಹಾಕಿಕೊಂಡು ಸ್ವಲ್ಪ ಹೊತ್ತು ಕಾಯುತ್ತಾರೆ, ಒಳಗೆ ಅವರು ಬಂದು ತಿಂದು ಹೋಗಲಿ ಎಂದು. ಚಿಕ್ಕಮ್ಮ ಒಬ್ಬಟ್ಟು, ಕೋಡುಬಳೆ ಎಲ್ಲ ಬಡಿಸಿ, "ಅಕ್ಕಂಗೆ ಕಾಫಿ ಅಂದ್ರೆ ಪ್ರಾಣ. ನೀನೇ ಬೆರೆಸಿ ಇಡೇ, ಇನ್ನಾದ್ರೂ ಕುಡೀಲಿ" ಎಂದಳು. ಅವತ್ತು ನನ್ನ ಬೆರಳು ಯಾವತ್ತಿಗಿಂತ ಹೆಚ್ಚು ಊದಿದ್ದವು. ಎರಡೂ ಅಂಗೈ ನಡುವೆ ಲೋಟ ಅದುಮಿ ಹಿಡಿದು, ಗಟ್ಟಿ ಡಿಕಾಕ್ಷನ್ನಿನ ಕಾಫಿಯನ್ನು ಎಲೆಯ ಪಕ್ಕ ಇಟ್ಟೆ.

ಬಾಗಿಲ ಆಚೆ ನಿಂತು ಕಣ್ಣು ಮುಚ್ಚಿದೆ. ಕಲಿತದ್ದನ್ನೆಲ್ಲ ಮಾಡಿದೆ. ಉಸಿರು ನಿಧಾನ ಬಿಟ್ಟೆ, ಭುಜ ಸಡಿಲ ಬಿಟ್ಟೆ, ಮೊಣಕೈ, ಮಣಿಕಟ್ಟು. ಒಂದು ಗಳಿಗೆ ನೋವು ಇಲ್ಲದಿದ್ದರೆ ಸಾಕು, ಅವಳು ಅಷ್ಟರಲ್ಲಿ ಕುಡಿದುಬಿಡುತ್ತಾಳೆ ಎಂದುಕೊಂಡೆ. ಬೆರಳು ಬಿಚ್ಚಲಿಲ್ಲ.

ಬಾಗಿಲು ತೆಗೆದರು. ಚಿಕ್ಕಮ್ಮ ಲೋಟದೊಳಗೆ ಬಗ್ಗಿ ನೋಡಿ, "ಸ್ವಲ್ಪ ಕಮ್ಮಿ ಆಗಿದೆ, ಕುಡಿದಿದಾಳೆ ನೋಡು" ಎಂದು ಕಣ್ಣು ಒರೆಸಿಕೊಂಡಳು. ನಾನು ಹತ್ತಿರ ಹೋಗಿ ನೋಡಿದೆ. ಕೆನೆ ಕಟ್ಟಿತ್ತು, ಕಾಫಿ ನಾನಿಟ್ಟಷ್ಟೇ ಇತ್ತು. ನನ್ನ ಕೈ ಹಿಡಿದು ನೋಡದೆ ಅಮ್ಮ ಕುಡಿಯುವವಳಲ್ಲ.