ನಾಜ್‌ಗುಲ್‌ಳ ಗೊಂಬೆಗೆ ಒಂದು ತುಂಡು ಬಾಕಿ

ಬೆಳಕು ಹರಿಯುವ ಮೊದಲೇ ಡೋಲು ಶುರುವಾಗಿದೆ. ಝಾಗ್ರೋಸ್ ಬೆಟ್ಟದಡಿಯ ಈ ಬಖ್ತಿಯಾರಿ ಕುರಿಗಾಹಿಗಳ ಊರಿನಲ್ಲಿ ಇವತ್ತು ನಾಜ್‌ಗುಲ್‌ಳ ಮದುವೆ. ಊರಿಗೆಲ್ಲ ಸಡಗರ, ಗೊಂಬೆ ಮಾಡುವ ಸನೋಬರ್ ಅವರಿಗೆ ಮಾತ್ರ ತಳಮಳ. ಮದುಮಗಳ ಜೊತೆ ಹೊರಡಬೇಕಾದ ಗೊಂಬೆ ಲೀಲಿ ಇನ್ನೂ ಅರೆಬರೆ ಲಂಗದಲ್ಲಿ ನಿಂತಿದ್ದಾಳೆ!

ಎರಡು ಕಡ್ಡಿ ಅಡ್ಡ ಕಟ್ಟಿ, ಉಣ್ಣೆ ಸುತ್ತಿ ಮೈ ಮಾಡಿದರೆ ಲೀಲಿ ಹುಟ್ಟುತ್ತಾಳೆ. ಮದುವೆಯ ಲೀಲಿಯ ಲಂಗಕ್ಕೆ ಮಾತ್ರ ಸನೋಬರ್ ಅಂಗಡಿ ಬಟ್ಟೆ ಮುಟ್ಟುವುದಿಲ್ಲ. ಮದುಮಗಳ ಅಮ್ಮ, ಅಜ್ಜಿ, ಅತ್ತೆಯರು ಉಟ್ಟ ಲಂಗಗಳ ತುಂಡೇ ಬೇಕು. "ಹುಡುಗಿ ಹಿಂದೆ ಇವರೆಲ್ಲ ಗಂಟುಮೂಟೆ ಕಟ್ಕೊಂಡು ಹೋಗೋಕಾಗುತ್ತಾ? ಅದಕ್ಕೇ ಹೀಗೆ ಕಳಿಸ್ತೀನಿ" ಎಂದು ನೋಡಲು ಬಂದ ನಮಗೆ ಹೇಳಿ ನಗುತ್ತಾರೆ.

ಕುರಿ ಹೊಡೆದುಕೊಂಡು ಹೋದ ಗಂಡ ಹಿಮದಲ್ಲಿ ತೀರಿಕೊಂಡಾಗ ಅವರ ಮಡಿಲಲ್ಲಿ ಇಬ್ಬರು ಮಕ್ಕಳಿದ್ದರು. ಅಂದಿನಿಂದ ಮನೆಯ ರೊಟ್ಟಿ, ಚಹಾ ಎಲ್ಲ ಈ ಸೂಜಿಯಿಂದಲೇ. ವಾರಕ್ಕೆ ಮೂರು ಗೊಂಬೆ ಇಸ್ಫಹಾನ್ ನಗರದ ಅಂಗಡಿಗಳಿಗೆ ಹೋಗುತ್ತವೆ. ಯಾವುದರ ಮೇಲೂ ಇವರ ಹೆಸರಿಲ್ಲ.

ಇವತ್ತು ಬಾಕಿ ಇರುವುದು ಮದುಮಗಳ ಸೋದರತ್ತೆ ತಾವೂಸ್‌ಳ ತುಂಡು. ನಾಜ್‌ಗುಲ್‌ಳನ್ನು ತನ್ನ ಮಗನಿಗೆ ಕೊಡಲಿಲ್ಲವೆಂದು ಮುನಿಸಿಕೊಂಡವಳು ಈ ಕಡೆ ತಲೆಹಾಕಿಲ್ಲ.

"ಯಾವುದೋ ಒಂದು ಚಿಂದಿ ಹೊಲಿದುಬಿಡಕ್ಕಾ, ಯಾರು ನೋಡ್ತಾರೆ?" ಎನ್ನುತ್ತಾಳೆ ಮದುಮಗಳ ತಾಯಿ.

"ನಿನ್ನ ಮಗಳು ನೋಡ್ತಾಳೆ ಕಣೇ! ಎತ್ತಿ ಸಾಕಿದ ಅತ್ತೆ ಎಲ್ಲಿ ಅಂತ ಹುಡುಕಿದ್ರೆ ಏನು ಹೇಳ್ಲಿ?"

ಅಷ್ಟರಲ್ಲಿ ಬಾಗಿಲಲ್ಲಿ ತಾವೂಸ್! ಒಳಗೆ ಕಾಲಿಡದೆ ಬಿಗಿದುಕೊಂಡು ನಿಂತಿದ್ದಾಳೆ. ಸನೋಬರ್ ಕೂತಲ್ಲಿಂದಲೇ ಕತ್ತರಿ ಎತ್ತಿ ತೋರಿಸುತ್ತಾರೆ.

"ಕತ್ತರಿ ಇಲ್ಲಿದೆ. ನನಗೆ ಮಂಡಿ ನೋವು, ಏಳೋಕಾಗಲ್ಲ, ನೀನೇ ಬರ್ಬೇಕು."

ತಾವೂಸ್ ಹೊಸ್ತಿಲು ದಾಟುತ್ತಾಳೆ. ಉಟ್ಟಿರುವುದು ಹಬ್ಬಕ್ಕೂ ಹೊರತೆಗೆಯದ ಹಸಿರು ಮಖಮಲ್ಲಿನ ಲಂಗ.

"ಅಯ್ಯೋ, ಹಳೇದು ಸಾಕಿತ್ತಲ್ಲೇ!" ಎನ್ನುತ್ತಾರೆ ಸನೋಬರ್.

"ಸುಮ್ನೆ ಕತ್ತರಿಸು. ಹಿಂದೆ ಗಿಂದೆ ಹಾಕಿಬಿಟ್ಟೀಯ, ಎದುರಿಗೇ ಹೊಲಿ. ಹುಡುಗಿಗೆ ಮೊದಲು ನಾನೇ ಕಾಣ್ಬೇಕು."

ಮದುಮಗಳ ತಾಯಿ ನಾದಿನಿಗೊಂದು ಲೋಟ ಚಹಾ ಬಗ್ಗಿಸುತ್ತಾಳೆ. ಸನೋಬರ್ ಸೂಜಿಗೆ ದಾರ ಏರಿಸಿ, ನಮ್ಮತ್ತ ತಿರುಗಿ ಕಣ್ಣು ಮಿಟುಕಿಸುತ್ತಾರೆ. "ಅಂಗಡಿಗಳಲ್ಲಿ ನನ್ನ ಹೆಸರು ಇರದಿದ್ರೂ ಪರವಾಗಿಲ್ಲ. ಇಂಥ ಲಂಗ ಹೊಲಿಯೋಕೆ ಬರುತ್ತಾ ಕೇಳಿ ಆ ಅಂಗಡಿಯವರನ್ನ!"