ದನಿಯಿಲ್ಲದ ದೂತ

ಬೆಟಗೇರಿಯ ವಾಚನಾಲಯದ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ನಾವು ನಾಲ್ಕು ಜನ ಗೆಳೆಯರು ಮೂಕಿ ಚಿತ್ರ ತೋರಿಸುತ್ತೇವೆ. ಪರದೆಯ ಮೇಲಿನ ಇಂಗ್ಲಿಷ್ ಬರಹವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುವ ಕೆಲಸ ನನ್ನದು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ಬಾಯಿ, ಸುಮ್ಮನಿರು ಅಂದರೆ ಇರುವುದಿಲ್ಲ.

ಆ ವಾರ ಪ್ರಾಚೀನ ಗ್ರೀಕರ ದುರಂತ ನಾಟಕವೊಂದರ ಚಿತ್ರವಿತ್ತು. ಗ್ರೀಕರು ರಂಗದ ಮೇಲೆ ಸಾವನ್ನು ತೋರಿಸುತ್ತಿರಲಿಲ್ಲ, ದೂತನೊಬ್ಬ ಬಂದು ಸುದ್ದಿ ಹೇಳುತ್ತಿದ್ದ. ಮೂಕಿ ಚಿತ್ರದ ದೂತನಿಗೆ ಬಾಯಿ ಇದೆ, ದನಿ ಇಲ್ಲ, ಆ ದನಿ ನಾನೇ ಎಂದು ಜಂಬದಿಂದ ವಿವರಿಸುತ್ತಿದ್ದೆ. ಅಷ್ಟರಲ್ಲಿ ಕುರ್ತಕೋಟಿಯಿಂದ ಗದಗಿಗೆ ಬಂದಿದ್ದ ನನ್ನ ಅಕ್ಕ ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂತಳು. ಇವಳು ಇವತ್ತೇ ಬರಬೇಕಿತ್ತೇ ಅನ್ನಿಸಿತು.

ಅಕ್ಕನ ಒಬ್ಬನೇ ಮಗ ಹೋದ ವರ್ಷ ಮುಂಡರಗಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಅಲ್ಲೇ ತೀರಿಕೊಂಡ. ಅವಳನ್ನು ಕರೆತರಲು ಹೋದವನು ನಾನು. ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ನೆಟ್ಟಗೆ ಹೇಳುವುದಿಲ್ಲ. ‘ಸೀರಿಯಸ್ ಐತಿ, ಜಲ್ದಿ ಬರ್ರಿ’ ಅನ್ನುತ್ತೇವೆ, ಕೇಳಿದವರು ತಿಳಿದುಕೊಳ್ಳುತ್ತಾರೆ. ನಾನೂ ಹಾಗೇ ಹೇಳಿದ್ದೆ. ಅಕ್ಕನಿಗೂ ತಿಳಿದಿರಬೇಕು ಎಂದುಕೊಂಡಿದ್ದೆ. ಆಮೇಲೆ ಆ ಮಾತನ್ನು ನಾವಿಬ್ಬರೂ ಎತ್ತಿಲ್ಲ.

ಚಿತ್ರದಲ್ಲಿ ರಾಣಿಯ ಮಗ ಯುದ್ಧಕ್ಕೆ ಹೊರಟ. ಇನ್ನು ಹತ್ತು ನಿಮಿಷಕ್ಕೆ ದೂತ ಬರುತ್ತಾನೆಂದು ನನಗೆ ಗೊತ್ತಿತ್ತು. ಕರೆಂಟ್ ಹೋಗಲಪ್ಪಾ ಎಂದು ದೇವರಿಗೆ ಕೈಮುಗಿದೆ. ದಿನಾ ಬೇಡವೆಂದರೂ ಹೋಗುವ ಕರೆಂಟು ಆವತ್ತು ಹೋಗಲಿಲ್ಲ. ದೂತ ಓಡಿ ಬಂದ, ರಾಣಿಯ ಮುಂದೆ ಮಂಡಿಯೂರಿ ಬಾಯಿ ತೆರೆದ. ನಿನ್ನ ಮಗ ಸತ್ತಿದ್ದಾನೆ ಎಂಬ ಬರಹ ಬಂತು.

‘ನಿನ್ನ ಮಗಗ ಭಾಳ ಪೆಟ್ಟಾಗೇತಿ’ ಅಂದೆ ನಾನು.

ಪರದೆಯ ಮೇಲೆ ರಾಣಿ ಕೂದಲು ಕಿತ್ತುಕೊಳ್ಳುತ್ತಿದ್ದಳು. ನಾಲ್ಕು ಜನ ಮಗನ ಹೆಣ ಹೊತ್ತು ತಂದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನನಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

ಅಕ್ಕ ನನ್ನ ಕಡೆ ತಿರುಗಲಿಲ್ಲ. ಪರದೆ ನೋಡುತ್ತಲೇ ಅಂದಳು, ‘ಸತ್ತಾನ ಅನ್ನೋ ತಮ್ಮಾ. ಆವತ್ತೂ ನೀ ಹಿಂಗ ಅಂದಿ. ಸೀರಿಯಸ್ ಅಂದ್ರ ಇನ್ನೂ ಜೀವ ಐತಿ ಅಂತ ತಿಳಕೊಂಡೆ. ಅವಗ ಕುಡಸಾಕ ಗಂಜಿ ಕಾಸಿ ತಂದಿದ್ದೆ. ಆರಬಾರದಂತ ಡಬ್ಬಿ ಉಡ್ಯಾಗ ಇಟ್ಕೊಂಡು, ದಾರಿ ತುಂಬ ಸೆರಗು ಮುಚ್ಚಿ ಕುಂತಿದ್ದೆ.’