ನೀರಿಗೆ ಬೆನ್ನು ಕೊಟ್ಟ ಕಾರು

ನಮ್ಮ ಭಾವನವರ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಉಳಿದರ್ಧದ ಜಾಗದಲ್ಲಿ ಚರ್ಮ ಹುಣಸೆಬೀಜದ ಹಾಗೆ ಕಪ್ಪಗೆ, ಗಟ್ಟಿಯಾಗಿ ಹೊಳೆಯುತ್ತಿತ್ತು. ಯಾವ ಕಾರು ಹತ್ತಿದರೂ ಅವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಆ ಹೆಬ್ಬೆರಳನ್ನು ಕಿಟಕಿಯ ಗಾಜಿಗೆ ಒತ್ತಿ ನೋಡುವುದು, ವೈದ್ಯರು ನಾಡಿ ಹಿಡಿದಂತೆ. ನಾಡಿ ನೋಡಿದ ವೈದ್ಯರು ಏನಾದರೂ ಹೇಳುತ್ತಾರೆ. ಇವರು ಏನೂ ಹೇಳುತ್ತಿರಲಿಲ್ಲ. ಅದೇ ನಮಗೆ ದಿಗಿಲು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕೊತ್ತತ್ತಿ ಕಡೆ, ನಾಲೆಯ ಮಗ್ಗುಲಲ್ಲೇ ಅವರ ಮನೆ, ಗದ್ದೆ, ಕಬ್ಬು. ನಾಲೆ ನೀರಿನ ಪೈರಿನಿಂದಲೇ ಬದುಕಿದವರು, ಆದರೆ ನಾಲೆಯ ಕಡೆ ಮುಖ ಮಾಡಿ ಕೂತು ಉಂಡದ್ದನ್ನು ನಾನು ನೋಡಿಲ್ಲ. ನೀರು ಬಿಟ್ಟ ಕಾಲದಲ್ಲಿ ಆ ನಾಲೆ ಅಂಚಿನವರೆಗೂ ತುಂಬಿಕೊಂಡು, ಸದ್ದಿಲ್ಲದೆ ಹೋಗುತ್ತಿರುತ್ತದೆ. ಹೊಳೆಯಾದರೆ ಬಂಡೆಗೆ ಬಡಿದು ನಾನಿದ್ದೇನೆ ಎಂದು ಕೂಗುತ್ತದೆ. "ಇದು ಕಚ್ಚೋ ನಾಯಿ ಕಣಯ್ಯಾ, ಬೊಗಳಕಿಲ್ಲ" ಎನ್ನುತ್ತಿದ್ದರು ಭಾವ.

ಆ ನಾಲೆಯ ಏರಿಯೇ ನನ್ನ ಮಗಳ ದಿನದ ದಾರಿ. ಮಂಡ್ಯದ ನಮ್ಮ ಮನೆಯಿಂದ ಹೊರಟು, ಕೊತ್ತತ್ತಿ ದಾಟಿ, ಅಲ್ಲೊಂದು ಹಳ್ಳಿಯ ಆಸ್ಪತ್ರೆಯಲ್ಲಿ ಅವಳು ನರ್ಸು. ಓಡಿಸುತ್ತಿದ್ದುದು ನನ್ನ ಹಳೇ ಕಾರು. ಅದರ ವಯಸ್ಸನ್ನು ಎತ್ತಿ ಆಡುವುದು ಹಿರಿಯರಿಗೆ ಅಗೌರವ. ಬ್ರೇಕು ಒತ್ತಿದರೆ 'ಯೋಚಿಸಿ ಹೇಳುತ್ತೇನೆ' ಎನ್ನುತ್ತಿತ್ತು. ಆಕ್ಸಿಲರೇಟರನ್ನಂತೂ ಮಲಗಿದ ಎತ್ತನ್ನು ಎಬ್ಬಿಸುವಂತೆ ಒದೆಯಬೇಕು. ಒಂದು ಸಂಜೆ ಏರಿಯ ತಿರುವಿನಲ್ಲಿ ಬ್ರೇಕು ಯೋಚಿಸುತ್ತಲೇ ಉಳಿಯಿತು. ಮಗಳು ಮೈಲಿಗಲ್ಲಿಗೆ ತಾಗಿಸಿ ನಿಲ್ಲಿಸಿದಳಂತೆ. ಹಳೆಯದಕ್ಕೆ ಮಂಗಳ ಹಾಡುವುದೆಂದು ಅಂದೇ ತೀರ್ಮಾನವಾಯಿತು. ಎತ್ತರದ, ನೆಚ್ಚಿಕೆಯ ಒಂದು ಎಸ್‌ಯುವಿ ಬೇಕು. ಎದುರಿಗೆ ಕಬ್ಬಿನ ಗಾಡಿ ಬಂದರೆ ಪಕ್ಕಕ್ಕೆ ಸರಿಯಬೇಕಲ್ಲ, ಅದಕ್ಕೆ ತೀರಾ ದೊಡ್ಡದಲ್ಲದ್ದು.

ನಾನು ಶಾಸ್ತ್ರೋಕ್ತವಾಗಿ ಸಿದ್ಧನಾದೆ. ಮೈಲೇಜು, ಸರ್ವಿಸ್ಸು, ಬಿಡಿಭಾಗ ಎಲ್ಲವನ್ನೂ ಫೋನಿನಲ್ಲಿ ನೋಡಿ ಮನನ ಮಾಡಿದೆ. ನನ್ನ ಮದುವೆಗೆ ಜಾತಕ ಕೂಡಿಸುವಾಗಲೂ ನಮ್ಮಪ್ಪ ಇಷ್ಟು ಬೆವರಿರಲಿಲ್ಲ. ಸುದ್ದಿ ಮುಟ್ಟಿದ ಕೂಡಲೇ ಭಾವನವರ ಫೋನು ಬಂತು: "ನಾ ನೋಡ್ದೆ ತಗಬ್ಯಾಡ. ಕೂಸು ಏರಿ ಮ್ಯಾಲೆ ಓಡಾಡ್ತದೆ."

ಶೋರೂಮಿನಲ್ಲಿ ಎಲ್ಲರೂ ಮುಂದೆ ಕೂತು ಸ್ಟೇರಿಂಗು ಹಿಡಿದು ನೋಡುತ್ತಾರೆ. ಭಾವ ನೇರ ಹಿಂದಿನ ಸೀಟಿಗೆ ಹೋಗಿ ಕೂತರು. "ಎಲ್ರೂ ಅತ್ತಿ. ಬಾಗ್ಲಾಕಿ. ಇಂಜಿನ್ ನಿಲ್ಸಿ" ಎಂದರು. ನಾನು, ಮಗಳು, ಮಾರಾಟದ ಹುಡುಗಿ ಉಸಿರು ಕೇಳಿಸುವಷ್ಟು ಸುಮ್ಮನೆ ಕೂತೆವು. ಗಾಜಿನಾಚೆ ಜನ ಮಾತಾಡುತ್ತಿದ್ದರು. ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

"ಈಗ ಗಾಜಿಳ್ಸವ್ವ" ಎಂದರು ಭಾವ.

"ಆನ್ ಮಾಡಿದ್ರೆ ಮಾತ್ರ ಇಳಿಯುತ್ತೆ ಸರ್."

"ಕರೆಂಟ್ ಓದ್ರೆ?"

"ಕಾರಲ್ಲಿ ಕರೆಂಟ್ ಹೋಗಲ್ಲ ಸರ್."

"ಮಂಡ್ಯದಲ್ಲಿ ಎಲ್ಲಾದ್ರಲ್ಲೂ ಓಯ್ತದೆ ಕಣವ್ವ."

ಹುಡುಗಿ ಗುಂಡಿ ಒತ್ತಿದಳು. ಹಿಂದಿನ ಗಾಜು ಅರ್ಧಕ್ಕೆ ಇಳಿದು ನಿಂತಿತು. ಅದು ಇಳಿಯುವುದೇ ಅಷ್ಟಂತೆ. "ಅರ್ಧ ಮನ್ಸ ಆಚಿಕ್ ಬಂದ್ರೆ ಸಾಕಾ?" ಎಂದರು ಭಾವ. ಹುಡುಗಿ ನಕ್ಕಳು. ಅವರ ಮುಖ ನೋಡಿ ನಗು ನಿಲ್ಲಿಸಿದಳು.

ಇನ್ನೊಂದು ಶೋರೂಮಿನ ಎರಡನೇ ಕಾರು, ಓಡಿಸಿ ನೋಡೋಣವೆಂದು ಹೊರಟ ಕೂಡಲೇ, ತನ್ನಷ್ಟಕ್ಕೆ ಬಾಗಿಲಿಗೆ ಬೀಗ ಹಾಕಿಕೊಂಡಿತು. ಒಳಗಿನ ಹಿಡಿ ಎಳೆದರೂ ತೆಗೆಯಲಿಲ್ಲ. "ಸೇಫ್ಟಿ ಸರ್" ಎಂದರು ಅಲ್ಲಿನವರು. "ಯಾರ್ಗೆ? ಕಾರ್ಗಾ?" ಎಂದು ಭಾವ ಕಾರು ನಿಲ್ಲಿಸಿ ಬೀಗ ತೆಗೆಸಿ ಇಳಿದೇಬಿಟ್ಟರು.

ಮೂರನೆಯದು ಬೂದಿ ಬಣ್ಣದ್ದು. ಹಿಂದಿನ ಗಾಜು ಪೂರ್ತಿ ಇಳಿಯಿತು. ಬಾಗಿಲು ಒಳಗಿನಿಂದ ಮೊದಲ ಎಳೆತಕ್ಕೇ ತೆರೆಯಿತು. ಗಾಜು ಮತ್ತೆ ಏರಿದ ಮೇಲೆ ಹೆಬ್ಬೆರಳು ಬಹಳ ಹೊತ್ತು ಅದರ ಮೇಲಿತ್ತು. "ಇದಾಯ್ತದೆ." ನನ್ನ ಮೈಲೇಜಿನ ಪಾಂಡಿತ್ಯ ಬಾಯಲ್ಲೇ ಉಳಿಯಿತು. ಮಗಳು ಅಳುಕುತ್ತಲೇ, "ಮಾವ, ಇದ್ರಲ್ಲಿ ಸನ್‌ರೂಫೂ ಇದೆ, ಮೇಲ್ಗಡೆ ತೆಗೆಯುತ್ತೆ" ಎಂದಳು. ಶೋಕಿ ಎಂದು ಬೈಯುತ್ತಾರೆಂದು ನಾನು ಕಾದೆ. "ಇರ್ಲಿ ಬುಡವ್ವ, ಅದೂ ಒಂದ್ ಬಾಗ್ಲೇ" ಎಂದರು.

ವಾಪಸು ಬರುವಾಗ ಟೀ ಅಂಗಡಿಯಲ್ಲಿ ನಾನು ಕೆಣಕಿದೆ. "ಅಲ್ಲ ಭಾವ, ಜನ ಕಾರು ತಗೊಳ್ಳೋದು ಹತ್ತೋಕೆ. ನೀವು ಬರೀ ಇಳಿಯೋದನ್ನೇ ನೋಡ್ತೀರಲ್ಲ?"

ಭಾವನವರ ತಮ್ಮ ಕಾರಿನ ಸಮೇತ ನಾಲೆಗೆ ಹೋದದ್ದು ನಮಗೆಲ್ಲ ಗೊತ್ತಿತ್ತು. ಬೆರಳಿನ ಕಥೆ ಗೊತ್ತಿರಲಿಲ್ಲ. ಅವರು ಲೋಟ ಕೆಳಗಿಟ್ಟರು.

"ಗದ್ದೇಲಿದ್ದೆ ಕಣಯ್ಯಾ. ಕಣ್ಣೆದುರ್ಗೇ ಇಳುದೋಯ್ತು. ಬಿದ್ದೆ ನೀರ್ಗೆ. ಗಾಜಿನ ಸಂದೀಗೆ ಬೆಳ್ಳಾಕಿ ಎಳ್ದೆ, ಎಳ್ದೆ. ಒಳಗಿಂದ ನನ್ ಮಕಾನೇ ನೋಡ್ತಾವ್ನೆ." ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡರು. "ಮ್ಯಾಕೆತ್ತುದಾಗ ಕಾರು ಚೆಂದಾಗೇ ಇತ್ತು. ಒಂದ್ ಗೀಚೂ ಬಿದ್ದಿರ್ನಿಲ್ಲ. ಗಟ್ಟಿ ಕಾರು ಅಂದ್ರು ಜನ."

ನನ್ನ ಟೀ ಆರಿಹೋಯಿತು.

ಹೊಸ ಗಾಡಿಗೆ ಏರಿಯ ಮೇಲಿನ ಮಾರಮ್ಮನ ಗುಡಿಯ ಮುಂದೆ ಪೂಜೆ ಮಾಡಿಸಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸುವುದು ಭಾವನವರ ಊರಿನ ಪದ್ಧತಿ. ನಾಲೆ ತುಂಬಿತ್ತು. ಪೂಜಾರಿ ಕಾರನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ ಎಂದ. ಪೂರ್ವಕ್ಕೆ ನಾಲೆ.

"ತಿರುಗ್ಸು" ಎಂದರು ಭಾವ ನನಗೆ.

"ಪಡುವಕ್ಕೆ ಮಕ ಮಾಡುದ್ರೆ ಅಪಸಕುನ ಯಜಮಾನ್ರೇ" ಎಂದ ಪೂಜಾರಿ.

"ಸಕುನಕ್ಕೆ ನಾನವ್ನಿ. ನಿಂಬೆಹಣ್ಗೆ ದಿಕ್ಕು ಗೊತ್ತಾದದಾ?"

ಅಕ್ಕ ಸೆರಗು ಸಿಕ್ಕಿಸಿಕೊಳ್ಳುತ್ತ, "ತಿರುಗ್ಸ್ಲಾ, ಈವಯ್ಯ ಅಟ ಹಿಡುದ್ರೆ ಮಾರವ್ವನೂ ಬಗ್ಸಕ್ಕಾಗಕಿಲ್ಲ" ಎಂದಳು. ತಿರುಗಿಸಿದೆ. ಕಾರು ನೀರಿಗೆ ಬೆನ್ನು ಕೊಟ್ಟು, ಏರಿಯ ಕೆಳಗಿದ್ದ ಭಾವನವರ ಕಬ್ಬಿಗೆ ಮುಖ ಮಾಡಿ ನಿಂತಿತು.

ಮನೆಯ ಯಜಮಾನನೆಂಬ ಗೌರವಕ್ಕೆ ಚಾಲಕನ ಪೀಠ ಅಲಂಕರಿಸಿದವನು ನಾನು. ಪಕ್ಕದಲ್ಲಿ ಹೆಂಡತಿ, ಹಿಂದೆ ಮಗಳು. ಕಾರು ಆಟೋಮ್ಯಾಟಿಕ್, ಕ್ಲಚ್ಚಿಲ್ಲ. ಕರ್ಪೂರ ಆರಿತು. "ಹೊರಡಿ" ಎಂದ ಪೂಜಾರಿ. ನನ್ನ ಕಾಲಿಗೆ ಗೊತ್ತಿದ್ದುದು ಒಂದೇ ಕಾರು. ಎತ್ತು ಎಬ್ಬಿಸುವಂತೆ ಒದ್ದೆ. ಇದು ಮಲಗಿದ ಎತ್ತಾಗಿರಲಿಲ್ಲ.

ನಿಂಬೆಹಣ್ಣು ಒಡೆದದ್ದು ಯಾರಿಗೂ ಕೇಳಲಿಲ್ಲ. ಎಡಗಾಲು ಇಲ್ಲದ ಕ್ಲಚ್ಚಿಗೆ ತಡಕಾಡುತ್ತಿತ್ತು. ಏರಿ ಮುಗಿಯಿತು, ಆಕಾಶ ವಾಲಿತು, ಗಾಜಿಗೆ ಗರಿಗಳು ಬಡಿದವು. ಕಬ್ಬಿನ ಒಳಗೆ ಹೂತು ಕಾರು ನಿಂತಿತು. ಸುತ್ತ ಹಸಿರು ಕತ್ತಲೆ. ಮಗಳು ಹಿಂದಿನ ಬಾಗಿಲಿನ ಹಿಡಿ ಎಳೆದಳು. ಒಂದೇ ಎಳೆತಕ್ಕೆ ತೆರೆಯಿತು.

ಭಾವ ಓಡಿ ಬಂದರು. ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು. ಆಮೇಲೆ ತಿರುಗಿ, ಕಾರು ನಿಂತಿದ್ದ ಜಾಗವನ್ನೂ ಅದರಾಚೆ ಸದ್ದಿಲ್ಲದೆ ಹೋಗುತ್ತಿದ್ದ ನೀರನ್ನೂ ನೋಡುತ್ತ ನಿಂತರು. ನಾವೂ ನೋಡಿದೆವು. ನನ್ನ ಹೆಂಡತಿಯೇ ಕೊನೆಗೆ, "ಅಣ್ಣಾ, ನಿಮ್ಮ ಕಬ್ಬೆಲ್ಲ ಹಾಳಾಯ್ತಲ್ಲ" ಎಂದಳು.

"ಕಬ್ಬು ಮತ್ತೆ ಚಿಗುರ್ತದೆ ಕಣವ್ವ" ಎಂದರು.

ಚಿಗುರಿತು ಕೂಡ. ಅದು ಎದೆಮಟ್ಟ ಬಂದಿದ್ದಾಗ ಒಂದು ಮಧ್ಯಾಹ್ನ ಭಾವನವರಿಗೆ ಎದೆ ಹಿಡಿದುಕೊಂಡಿತು. ಅಕ್ಕನ ಮನೆಗೆ ಊಟಕ್ಕೆಂದು ಹೋಗಿದ್ದ ನಾವು ಅವರನ್ನು ಅದೇ ಕಾರಿನಲ್ಲಿ ಕರೆದುಕೊಂಡು ಹೊರಟೆವು. ಮಗಳು ಓಡಿಸುತ್ತಿದ್ದಳು. ಭಾವ ತಮ್ಮ ಮಾಮೂಲು ಜಾಗದಲ್ಲಿ, ಹಿಂದಿನ ಕಿಟಕಿಗೆ ಒರಗಿದ್ದರು. ಏರಿಯುದ್ದಕ್ಕೂ ನಾಲೆ ನಮ್ಮ ಪಕ್ಕದಲ್ಲೇ ಬರುತ್ತಿತ್ತು, ಜೊತೆಗೆ ಬಂದವರ ಹಾಗೆ. "ಗಾಜಿಳ್ಸವ್ವಾ" ಎಂದರು. ಮಗಳು ಇಳಿಸಿದಳು. ಪೂರ್ತಿ ಇಳಿಯಿತು. ಬಾಗಿಲಿನ ಅಂಚಿನ ಮೇಲೆ ಹೆಬ್ಬೆರಳು ಊರಿ ಕೂತರು. ಮಂಡ್ಯದ ಆಸ್ಪತ್ರೆಯ ಮುಂದೆ ಕಾರು ನಿಂತಾಗ ಬೆರಳು ಅಲ್ಲೇ ಇತ್ತು. ಅವರಿರಲಿಲ್ಲ.

ಮಗಳು ಈಗಲೂ ಏರಿ ಹತ್ತಿದ ಕೂಡಲೇ ನಾಲ್ಕೂ ಗಾಜು ಇಳಿಸುತ್ತಾಳೆ, ಮಳೆಯಲ್ಲೂ. ಸೀಟು ನೆನೆದು ಮುಗ್ಗಲು ವಾಸನೆ ಬಂದಿದೆ. ಕಾರಿನ ಮೂತಿಯ ಮೇಲೆ ಕಬ್ಬಿನ ಜಲ್ಲೆ ಎಳೆದ ಉದ್ದನೆಯ ಗೀಚು ಹಾಗೇ ಇದೆ. ಮೊನ್ನೆ ಸರ್ವಿಸ್ಸಿಗೆ ಬಿಟ್ಟಾಗ ಅಲ್ಲಿಯವರು, "ಪಾಲಿಶ್ ಹೊಡೆದ್ರೆ ಗೀಚು ಕಾಣಲ್ಲ ಸರ್, ಮಾಡ್ಲಾ?" ಎಂದರು.

ಗೀಚೇ ಇಲ್ಲದ ಒಂದು ಗಟ್ಟಿ ಕಾರಿನ ವಿಷಯ ನನಗೆ ಗೊತ್ತಿತ್ತು.

"ಬುಡಪ್ಪ, ಇರ್ಲಿ" ಎಂದೆ.